ಹೊನ್ನೆ ಮತ್ತು ಗಾಳಿಮರ: ಕರಾವಳಿ ಗ್ರಾಮಗಳ ಸಾರ್ವಜನಿಕ ಸ್ಥಳಗಳಿಗೆ ಮರದ ಆಯ್ಕೆ

(ಗ್ರಾಮ ಪಂಚಾಯತಿ ಸದಸ್ಯರ ಅಭ್ಯಾಸ ಪಾಠ)



1. ಪಾಠದ ಉದ್ದೇಶ

ಪ್ರತಿವರ್ಷ ಮಳೆಗಾಲದ ಆರಂಭದಲ್ಲಿ ಗ್ರಾಮ ಪಂಚಾಯತಿಗಳು ಶಾಲೆಯ ಆವರಣ, ರಸ್ತೆಯ ಬದಿ, ರುದ್ರಭೂಮಿ, ಕೆರೆಯ ದಂಡೆ ಹಾಗೂ ಕಡಲ ಕಿನಾರೆಗಳಲ್ಲಿ ಸಸಿ ನೆಡುವ ಕಾರ್ಯವನ್ನು ಕೈಗೊಳ್ಳುತ್ತವೆ. ಎಷ್ಟು ಸಸಿ ಎಂಬ ಪ್ರಶ್ನೆಗೆ ಕ್ರಿಯಾಯೋಜನೆಯಲ್ಲಿ ಉತ್ತರವಿರುತ್ತದೆ. ಯಾವ ಸಸಿ, ಯಾವ ಸ್ಥಳಕ್ಕೆ, ಎಷ್ಟು ವರ್ಷಗಳ ಪ್ರಯೋಜನಕ್ಕೆ ಎಂಬ ಪ್ರಶ್ನೆಗಳು ಮಾತ್ರ ಬಹುತೇಕ ಸಂದರ್ಭಗಳಲ್ಲಿ ಸಭೆಯ ಮುಂದೆ ಬರುವುದೇ ಇಲ್ಲ. ಸಸ್ಯಕ್ಷೇತ್ರದಲ್ಲಿ ಆ ವರ್ಷ ಏನು ಲಭ್ಯವಿದೆಯೋ ಅದೇ ಊರಿನ ಮರವಾಗಿಬಿಡುತ್ತದೆ.

ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ತಾಲ್ಲೂಕುಗಳ ಮರಳು ನೆಲದಲ್ಲಿ ಹುಲುಸಾಗಿ ಬೆಳೆಯುವ ಎರಡು ಮರಗಳನ್ನು ಈ ಪಾಠದಲ್ಲಿ ಹೋಲಿಸಲಾಗಿದೆ. ಒಂದು, ನಮ್ಮ ತೀರಕ್ಕೆ ಸಹಜವಾದ, ನಿಧಾನವಾಗಿ ಬೆಳೆದು ಅಗಲಕ್ಕೆ ಹರಡುವ ಹೊನ್ನೆ. ಇನ್ನೊಂದು, ಹೊರಗಿನಿಂದ ಬಂದು ನೆಲೆಸಿದ, ಶೀಘ್ರವಾಗಿ ಎತ್ತರಕ್ಕೆ ಏರುವ ಗಾಳಿಮರ. ಎರಡೂ ಉಪ್ಪುಗಾಳಿಯನ್ನು ತಾಳಬಲ್ಲವು, ಎರಡೂ ನಿತ್ಯಹಸಿರು. ಆದರೆ ಅವು ಕೊಡುವ ಫಲ, ಅದನ್ನು ಕೊಡಲು ತೆಗೆದುಕೊಳ್ಳುವ ಕಾಲ ಮತ್ತು ಪಂಚಾಯತಿಯ ಮೇಲೆ ಹೊರಿಸುವ ಹೊಣೆ ಬೇರೆ ಬೇರೆ. ಈ ವ್ಯತ್ಯಾಸವನ್ನು ತಿಳಿದು ನಿರ್ಣಯ ಕೈಗೊಳ್ಳಲು ಸದಸ್ಯರಿಗೆ ನೆರವಾಗುವುದೇ ಈ ಪಾಠದ ಉದ್ದೇಶ.

2. ಮೊದಲು ಹೆಸರಿನ ಸ್ಪಷ್ಟತೆ

ಬೇಡಿಕೆಪಟ್ಟಿಯಲ್ಲಿ "ಹೊನ್ನೆ" ಎಂದಷ್ಟೇ ಬರೆದರೆ ಗೊಂದಲಕ್ಕೆ ಎಡೆಯಾಗುತ್ತದೆ. ಘಟ್ಟದ ಮೇಲಿನ ಜಿಲ್ಲೆಗಳಲ್ಲಿ ಹೊನ್ನೆ ಎಂದರೆ ಕಾಡಿನಲ್ಲಿ ಬೆಳೆಯುವ, ತೊಗಟೆಗೆ ಗಾಯವಾದಾಗ ಕೆಂಪು ಅಂಟು ಸುರಿಸುವ, ನಾಟಾಕ್ಕೆ ಹೆಸರಾದ ಬೇರೊಂದು ಮರ. ಅದರ ಸಸ್ಯಶಾಸ್ತ್ರೀಯ ಹೆಸರು ಟೆರೋಕಾರ್ಪಸ್ ಮಾರ್ಸೂಪಿಯಂ. ಅದು ಬೇಸಿಗೆಯಲ್ಲಿ ಎಲೆ ಉದುರಿಸುವ ಮರ. ಕಡಲ ಕಿನಾರೆಗೆ ಹೇಳಿಸಿದ್ದಲ್ಲ. ಈ ಪಾಠದಲ್ಲಿ ವಿವರಿಸುವ ಹೊನ್ನೆಯ ಹೆಸರು ಕ್ಯಾಲೋಫಿಲಂ ಇನೋಫಿಲಂ. ಇದನ್ನು ಸುರಹೊನ್ನೆ ಎಂದೂ ಕರೆಯುವುದುಂಟು. ಹಿಂದೆ ದೀಪಕ್ಕೆ ಬಳಸುತ್ತಿದ್ದ ಹೊನ್ನೆಣ್ಣೆ ಇದರ ಬೀಜದ್ದೇ.

ಗಾಳಿಮರವನ್ನು ಸರ್ವೆ ಮರ ಎಂದೂ ಕರೆಯುತ್ತಾರೆ. ಇದರ ಶಾಸ್ತ್ರೀಯ ಹೆಸರು ಕ್ಯಾಸುವರಿನಾ ಇಕ್ವಿಸೆಟಿಫೋಲಿಯಾ. ಅರಣ್ಯ ಇಲಾಖೆಗೆ ಸಲ್ಲಿಸುವ ಬೇಡಿಕೆಯಲ್ಲಿ ರೂಢಿಯ ಹೆಸರಿನೊಂದಿಗೆ ಈ ಶಾಸ್ತ್ರೀಯ ಹೆಸರನ್ನೂ ನಮೂದಿಸುವುದು ಯೋಗ್ಯ. ಒಂದು ಸಾಲಿನ ಈ ಎಚ್ಚರಿಕೆಯಿಂದ ತಪ್ಪು ಸಸಿ ಬಂದು ಒಂದು ಮಳೆಗಾಲ ವ್ಯರ್ಥವಾಗುವುದನ್ನು ತಡೆಯಬಹುದು.

3. ಹೊನ್ನೆಯ ಸ್ವರೂಪ

ಹೊನ್ನೆಯು ಭಾರತ ಮತ್ತು ಶ್ರೀಲಂಕಾದ ತೀರಗಳಿಂದ ಹಿಡಿದು ಪೆಸಿಫಿಕ್ ಸಾಗರದ ದ್ವೀಪಗಳವರೆಗೆ ಸಹಜವಾಗಿ ಬೆಳೆಯುವ ಕಡಲತೀರದ ಮರ. ಇದರ ಕಾಯಿ ನೀರಿನಲ್ಲಿ ತೇಲುತ್ತದೆ. ಸಮುದ್ರವೇ ಇದರ ಬೀಜವನ್ನು ತೀರದಿಂದ ತೀರಕ್ಕೆ ಹೊತ್ತೊಯ್ಯುತ್ತದೆ. ಹಣ್ಣಿನ ತಿರುಳನ್ನು ತಿನ್ನುವ ಬಾವಲಿಗಳು ಬೀಜವನ್ನು ಒಳನಾಡಿಗೂ ಒಯ್ದು ಬೀಳಿಸುತ್ತವೆ.

ಮರವು ಸಾಮಾನ್ಯವಾಗಿ 8ರಿಂದ 20 ಮೀಟರ್ ಎತ್ತರ ಬೆಳೆಯುತ್ತದೆ. ಕಾಂಡ ಗಿಡ್ಡ ಮತ್ತು ದಪ್ಪ. ಕಡಲಿಗೆ ಸಮೀಪವಿದ್ದಲ್ಲಿ ಕೆಲವೊಮ್ಮೆ ಕಾಂಡವೇ ನೀರಿನ ಕಡೆಗೆ ಬಾಗಿ ಬೆಳೆಯುವುದುಂಟು. ಕೊಂಬೆಗಳು ಅಗಲಕ್ಕೆ ಚಾಚಿ ದಟ್ಟವಾದ ಮೇಲಾವರಣವನ್ನು ರಚಿಸುತ್ತವೆ. ಎಲೆಗಳು ದಪ್ಪ, ಹೊಳಪು. ನಡುನರದಿಂದ ಇಕ್ಕೆಲಗಳಿಗೆ ಒತ್ತೊತ್ತಾಗಿ ಸಮಾನಾಂತರವಾಗಿ ಸಾಗುವ ಸಣ್ಣ ನರಗಳು ಇದರ ಗುರುತು. ಕ್ಯಾಲೋಫಿಲಂ ಎಂಬ ಗ್ರೀಕ್ ಮೂಲದ ಪದದ ಅರ್ಥವೇ ಚೆಲುವಾದ ಎಲೆ ಎಂದು. ಬಿಳಿಯ ಎಸಳು, ಹಳದಿ ಕೇಸರಗಳ ಹೂವು ಸುವಾಸನೆಯಿಂದ ಕೂಡಿದ್ದು ಜೇನುನೊಣಗಳನ್ನು ಆಕರ್ಷಿಸುತ್ತದೆ. ಕಾಯಿ ಗೋಲಿಯಂತೆ ದುಂಡು, ಹಸಿರು. ಒಳಗೆ ಗಟ್ಟಿ ಚಿಪ್ಪಿನ ಒಂದೇ ಬೀಜ.

ಬೀಜದ ತಿರುಳಿನಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಎಣ್ಣೆಯಿರುತ್ತದೆ. ಸೀಮೆಎಣ್ಣೆ ಬರುವ ಮೊದಲು ಕರಾವಳಿಯ ಮನೆಗಳಲ್ಲಿ ದೀಪ ಉರಿದದ್ದು ಇಂತಹ ಎಣ್ಣೆಗಳಿಂದಲೇ. ಈ ಎಣ್ಣೆ ಆಹಾರಕ್ಕೆ ಯೋಗ್ಯವಲ್ಲ. ಮರದ ನಾಟಾ ಗಟ್ಟಿಯಾಗಿದ್ದು ದೋಣಿ ನಿರ್ಮಾಣದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಇದರ ಕೊರತೆಗಳನ್ನೂ ತಿಳಿದಿರಬೇಕು. ಬೆಳವಣಿಗೆ ನಿಧಾನ. ಬೀಜದಿಂದ ಬೆಳೆದ ಮರ ಹೂ ಬಿಡಲು ಸಾಮಾನ್ಯವಾಗಿ ಏಳೆಂಟು ವರ್ಷ ಬೇಕು. ಜನ ಕುಳಿತುಕೊಳ್ಳುವಷ್ಟು ನೆರಳು ಕೊಡಲು ಹತ್ತು ಹನ್ನೆರಡು ವರ್ಷ ಎಂದು ಎಣಿಸುವುದು ಒಳಿತು. ಉದುರಿದ ಕಾಯಿ ಕಾಂಕ್ರೀಟು ನೆಲದ ಮೇಲೆ ಉರುಳಿ ಕಾಲು ಜಾರಿಸುತ್ತದೆ. ಬಾವಲಿಗಳು ಬರುವುದರಿಂದ ತೆರೆದ ಬಾವಿಯ ಮೇಲೆ ಕೊಂಬೆ ಚಾಚುವಂತೆ ಇದನ್ನು ನೆಡಬಾರದು.

4. ಗಾಳಿಮರದ ಸ್ವರೂಪ

ಗಾಳಿಮರವು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳ ಮರ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾರವಾರದ ಮರಳು ತೀರದಲ್ಲಿ ಇದರ ನೆಡುತೋಪುಗಳು ಆರಂಭವಾದವು. ಉರುವಲು ಮತ್ತು ಮರಳು ಹಿಡಿದಿಡುವ ಉದ್ದೇಶಗಳಿಗಾಗಿ ಇದು ಕ್ರಮೇಣ ಪಶ್ಚಿಮ ಹಾಗೂ ಪೂರ್ವ ಕರಾವಳಿಗಳೆರಡರಲ್ಲೂ ಹರಡಿತು. ಇಂದು ನಮ್ಮ ತೀರದ ನೋಟದಲ್ಲಿ ಇದು ಎಷ್ಟು ಬೆರೆತಿದೆಯೆಂದರೆ ಅನೇಕರು ಇದನ್ನು ಇಲ್ಲಿಯ ಮೂಲ ಮರವೆಂದೇ ಭಾವಿಸಿದ್ದಾರೆ.

ನೋಡಲು ದೇವದಾರು, ಪೈನ್ ಮುಂತಾದ ಸೂಜಿ ಎಲೆಯ ಮರಗಳಂತೆ ಕಂಡರೂ ಇದು ಆ ಗುಂಪಿಗೆ ಸೇರಿದ್ದಲ್ಲ. ಹೂ ಬಿಡುವ ಸಸ್ಯವರ್ಗದ ಮರ. ಸೂಜಿಯಂತೆ ಕಾಣುವುದು ಎಲೆಯಲ್ಲ, ಗಿಣ್ಣುಗಳುಳ್ಳ ಹಸಿರು ಕಿರುರೆಂಬೆ. ನಿಜವಾದ ಎಲೆಗಳು ಆ ಗಿಣ್ಣುಗಳಲ್ಲಿ ಹಲ್ಲಿನಂತೆ ಅತಿ ಸಣ್ಣದಾಗಿ ಕುಳಿತಿರುತ್ತವೆ. ಎಲೆಯ ಹರಹು ಹೀಗೆ ಕಡಿಮೆಯಾಗಿರುವುದರಿಂದಲೇ ಈ ಮರ ಒಣ ಮರಳಿನಲ್ಲಿಯೂ ನೀರನ್ನು ಉಳಿಸಿಕೊಂಡು ಬದುಕುತ್ತದೆ. ಕ್ಯಾಸೋವರಿ ಎಂಬ ಪಕ್ಷಿಯ ಗರಿಯನ್ನು ಹೋಲುವ ಈ ರೆಂಬೆಗಳಿಂದಲೇ ಕ್ಯಾಸುವರಿನಾ ಎಂಬ ಹೆಸರು ಬಂದಿದೆ.

ಇದರ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯಲ್ಲಿನ ಸಾರಜನಕವನ್ನು ಮರಕ್ಕೆ ಒದಗಿಸುತ್ತದೆ. ಆದ್ದರಿಂದ ಸಾರವಿಲ್ಲದ ಮರಳಿನಲ್ಲಿಯೂ ಇದು ವೇಗವಾಗಿ ಬೆಳೆಯುತ್ತದೆ. ಒಳ್ಳೆಯ ಸ್ಥಳದಲ್ಲಿ ವರ್ಷಕ್ಕೆ ಸುಮಾರು ಎರಡು ಮೀಟರ್ ಏರುವುದು ಅಪರೂಪವಲ್ಲ. ನಾಲ್ಕಾರು ವರ್ಷಗಳಲ್ಲಿ ಕಂಬಕ್ಕೆ, ಆಸರೆಗೆ, ಉರುವಲಿಗೆ ಒದಗುತ್ತದೆ. ಆಯುಷ್ಯ ಮಾತ್ರ ಸಾಮಾನ್ಯವಾಗಿ 40–50 ವರ್ಷ. ಕಡಿದ ಬುಡದಿಂದ ಇದು ಚೆನ್ನಾಗಿ ಚಿಗುರುವುದಿಲ್ಲ. ತನ್ನದೇ ಉದುರಿನ ದಪ್ಪ ಹಾಸಿನ ಕೆಳಗೆ ಇದರ ಬೀಜ ಮೊಳೆತು ಬೆಳೆಯುವುದೂ ಕಡಿಮೆ. ಆದುದರಿಂದ ಒಂದು ತೋಪು ಮುಗಿದರೆ ಮತ್ತೆ ನೆಡಲೇಬೇಕಾಗುತ್ತದೆ.

5. ಅಂಶವಾರು ಹೋಲಿಕೆ

ಅ) ಕಾಲ: ಗ್ರಾಮ ಪಂಚಾಯತಿ ಸದಸ್ಯರ ಅವಧಿ ಐದು ವರ್ಷ. ಮೊದಲ ವರ್ಷ ನೆಟ್ಟ ಗಾಳಿಮರ ಅವಧಿ ಮುಗಿಯುವುದರೊಳಗೆ ಎರಡಾಳಿಗಿಂತ ಎತ್ತರಕ್ಕೆ ಬೆಳೆದು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದೇ ವರ್ಷ ನೆಟ್ಟ ಹೊನ್ನೆ ಆಗಿನ್ನೂ ಬೇಲಿಯ ಆಸರೆ ಬಿಟ್ಟು ನಿಲ್ಲಲು ಕಲಿಯುತ್ತಿರುತ್ತದೆ. ಅದರ ನೆರಳಿನಲ್ಲಿ ಸಭೆ ಸೇರುವವರು ಮುಂದಿನ, ಅದರ ಮುಂದಿನ ಪಂಚಾಯತಿಯವರು. ಗಾಳಿಮರವೇ ಹೆಚ್ಚು ಹೆಚ್ಚು ಆಯ್ಕೆಯಾಗುವುದಕ್ಕೆ ಇದೊಂದು ಮುಖ್ಯ ಕಾರಣವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಐವತ್ತು ವರ್ಷಗಳ ಲೆಕ್ಕ ಹಾಕಿದಾಗ ಚಿತ್ರ ಬದಲಾಗುತ್ತದೆ: ಅಷ್ಟರಲ್ಲಿ ಗಾಳಿಮರದ ತೋಪು ಮುಗಿದು ಮರುನೆಡುವಿಕೆಗೆ ಕಾದಿರುತ್ತದೆ, ಹೊನ್ನೆ ಆಗ ತನ್ನ ಪೂರ್ಣ ಹರಹಿನಲ್ಲಿರುತ್ತದೆ.

ಆ) ನೆರಳು: ಗಾಳಿಮರದ ನೆರಳು ತೆಳು, ಚದುರಿದ್ದು. ಬಿಸಿಲು ರೆಂಬೆಗಳ ನಡುವೆ ಸೋಸಿ ಇಳಿಯುತ್ತದೆ. ಹೊನ್ನೆಯ ನೆರಳು ದಟ್ಟ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಮರಳಿನ ಮೇಲೆ ಕುಳಿತು ಬಲೆ ಹೆಣೆಯುವ, ಮೀನು ವಿಂಗಡಿಸುವ ಸ್ತ್ರೀಪುರುಷರಿಗೆ, ಬಸ್ಸಿಗಾಗಿ ಕಾಯುವ ವೃದ್ಧರಿಗೆ ಈ ವ್ಯತ್ಯಾಸ ಶರೀರಕ್ಕೆ ತಿಳಿಯುವಂತಹುದು.

ಇ) ಗಾಳಿಗೆ ತಡೆ: ಗಾಳಿಯ ವೇಗವನ್ನು ಶೀಘ್ರವಾಗಿ ತಗ್ಗಿಸಿ ಮನೆ, ತೋಟ, ತರಕಾರಿ ಮಡಿಗಳನ್ನು ಉಪ್ಪುಹನಿಯಿಂದ ಕಾಯುವ ಕಾರ್ಯದಲ್ಲಿ ಗಾಳಿಮರದ ಸಾಲುಗಳು ಉಪಯುಕ್ತ. ಐದಾರು ವರ್ಷಗಳಲ್ಲಿ ಇಂತಹ ತಡೆ ಹೊನ್ನೆಯಿಂದ ಸಾಧ್ಯವಿಲ್ಲ. ಹೊನ್ನೆ ಬೆಳೆದ ಮೇಲೆ ಗಾಳಿಯನ್ನು ಚೆನ್ನಾಗಿ ತಾಳುತ್ತದೆ. ಗಿಡ್ಡ ಕಾಂಡ ಮತ್ತು ಗಟ್ಟಿ ಮರ ಇದಕ್ಕೆ ಕಾರಣ. ಅಂತರ್ಜಲ ಮೇಲ್ಮಟ್ಟದಲ್ಲಿರುವ ಮರಳಿನಲ್ಲಿ ಗಾಳಿಮರದ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ. ಎತ್ತರದ ಮರ, ಆಳವಿಲ್ಲದ ಬೇರು: ಬಿರುಗಾಳಿಗೆ ಬುಡಸಹಿತ ಮಗುಚಿ ಬೀಳುವ ಸಂಭವ ಹೆಚ್ಚು. ಆದುದರಿಂದ ಮನೆಗಳಿಗೆ, ಶಾಲಾ ಕಟ್ಟಡಗಳಿಗೆ ಮತ್ತು ವಿದ್ಯುತ್ ತಂತಿಗಳಿಗೆ ಅದರ ಪೂರ್ಣ ಎತ್ತರಕ್ಕಿಂತ ಕಡಿಮೆ ಅಂತರದಲ್ಲಿ ಅದನ್ನು ನೆಡಬಾರದು.

ಈ) ನೆಲ ಮತ್ತು ಜೀವಿಗಳು: ಗಾಳಿಮರದ ಉದುರು ನೆಲದ ಮೇಲೆ ದಪ್ಪ ಹಾಸಾಗಿ ಸೇರುತ್ತದೆ. ಅದರಡಿ ಬೇರೆ ಗಿಡಬಳ್ಳಿಗಳು ಬೆಳೆಯುವುದು ಕಡಿಮೆ. ಬೇಸಿಗೆಯಲ್ಲಿ ಈ ಹಾಸು ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಇದರ ಪರಾಗ ಗಾಳಿಯಲ್ಲಿ ಹರಡುವುದರಿಂದ ಕೆಲವರಿಗೆ ಅಲರ್ಜಿಯೂ ಆಗಬಹುದು. ಹೊನ್ನೆಯ ಹೂವು ಜೇನಿಗೆ, ಹಣ್ಣು ಬಾವಲಿಗೆ ಆಹಾರ.

ಉ) ಆದಾಯ: ಅಲ್ಪಕಾಲದ ಆದಾಯದಲ್ಲಿ ಗಾಳಿಮರಕ್ಕೆ ಸಾಟಿಯಿಲ್ಲ. ಖಾಸಗಿ ಹಿಡುವಳಿಯಲ್ಲಿ ರೈತರು ಇದನ್ನು ಬೆಳೆಯುವುದು ನ್ಯಾಯವಾದ ಆರ್ಥಿಕ ನಿರ್ಧಾರ. ಹೊನ್ನೆಯಿಂದ ದೊರೆಯುವುದು ಬೀಜ, ಮತ್ತು ಬಹುಕಾಲದ ನಂತರ ನಾಟಾ. ಸಾರ್ವಜನಿಕ ಸ್ಥಳದ ಮರವನ್ನು ಆದಾಯದಿಂದ ಮಾತ್ರ ಅಳೆಯಲಾಗದು ಎಂಬುದನ್ನು ಇಲ್ಲಿ ಗಮನಿಸಬೇಕು.

6. ಕಡಲ್ಕೊರೆತ: ಮರದಿಂದ ಆಗುವುದು ಮತ್ತು ಆಗದಿರುವುದು

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಉಡುಪಿ ಜಿಲ್ಲೆಯ ತೀರಕ್ಕೆ ಅಪ್ಪಳಿಸಿದ ಅಲೆಗಳನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಅಲೆ ನೇರವಾಗಿ ದಂಡೆಯ ಬುಡವನ್ನು ಕೊರೆಯುವಲ್ಲಿ ಗಾಳಿಮರವಾಗಲಿ ಹೊನ್ನೆಯಾಗಲಿ ಅದನ್ನು ನಿಲ್ಲಿಸಲಾರದು. ಬೇರಿನ ಕೆಳಗಿನ ಮರಳೇ ಹೋದ ಮೇಲೆ ಮರಕ್ಕೆ ಆಧಾರವಿಲ್ಲ. ಮಗುಚುವ ಗಾಳಿಮರ ತನ್ನ ಬೇರಿನ ಹಾಸಿನೊಂದಿಗೆ ಇನ್ನಷ್ಟು ಮರಳನ್ನು ಕಿತ್ತೊಯ್ಯುವುದೂ ಉಂಟು.

ಅಮೆರಿಕದ ಫ್ಲಾರಿಡಾ ರಾಜ್ಯದ ಅನುಭವ ಇಲ್ಲಿ ಪ್ರಸ್ತುತ. ಅಲ್ಲಿ ಗಾಳಿತಡೆಗಾಗಿ ಹೊರಗಿನಿಂದ ತಂದು ನೆಟ್ಟ ಗಾಳಿಮರಗಳು ತೀರದುದ್ದಕ್ಕೂ ಹಬ್ಬಿದವು, ಸ್ಥಳೀಯ ದಿಣ್ಣೆಸಸ್ಯಗಳನ್ನು ಹಿಂದಕ್ಕೆ ತಳ್ಳಿದವು, ಬಿರುಗಾಳಿಗೆ ಉರುಳಿದವು, ಕಡಲಾಮೆಗಳು ಗೂಡು ಮಾಡುವ ಮರಳಿಗೆ ಅಡ್ಡಿಯಾದವು. ಈಗ ಅಲ್ಲಿ ಇವು ನಿಷೇಧಿತ ಸಸ್ಯಗಳ ಪಟ್ಟಿಯಲ್ಲಿವೆ. ನಮ್ಮಲ್ಲಿ ಅಂತಹ ನಿಷೇಧವಿಲ್ಲ. ಆದರೆ ಕುಂದಾಪುರದ ಕೋಡಿಯಂತಹ ಕಡಲತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ ಎಂಬುದನ್ನು ನೆನಪಿನಲ್ಲಿಟ್ಟು, ಅಲೆಗೆ ಹತ್ತಿರದ ತೆರೆದ ಮರಳನ್ನು ಮರಗಳಿಂದ ತುಂಬಿಸದೆ ಬಿಡುವುದು ವಿವೇಕ.

ಆ ಮೊದಲ ಪಟ್ಟಿಯನ್ನು ಕಾಯುವ ಸಸ್ಯಗಳು ಬೇರೆಯೇ ಇವೆ. ನೇರಳೆ ಹೂವಿನ ಅಡಂಬು ಬಳ್ಳಿ ಮತ್ತು ಮುಳ್ಳುಚೆಂಡಿನಂತಹ ತೆನೆಯ ರಾವಣನ ಮೀಸೆ ಹುಲ್ಲು ಮರಳಿನ ಮೇಲೆ ಹಬ್ಬಿ, ಗಾಳಿ ತಂದ ಮರಳನ್ನು ಹಿಡಿದು ದಿಣ್ಣೆಯನ್ನು ಎತ್ತರಿಸುತ್ತವೆ. ಇವನ್ನು ಕಳೆಯೆಂದು ಕೆರೆದು ಸ್ವಚ್ಛಗೊಳಿಸುವ ಕಾಮಗಾರಿಗೆ ಪಂಚಾಯತಿ ಅನುಮೋದನೆ ನೀಡಬಾರದು. ಈ ಪಟ್ಟಿಯ ಹಿಂದೆ ಮರಗಳ ಸ್ಥಾನ.

7. ಸ್ಥಳವಾರು ಆಯ್ಕೆ

ಬ್ರಹ್ಮಾವರ ತಾಲ್ಲೂಕಿನ ಭೂರಚನೆಯನ್ನು ನೆನೆದರೆ ಆಯ್ಕೆ ಸುಲಭವಾಗುತ್ತದೆ. ಕೋಟ ಪಡುಕರೆಯಿಂದ ಕೋಡಿಬೇಂಗ್ರೆಯವರೆಗೆ ಮರಳಿನ ಪಟ್ಟಿ. ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವಲ್ಲಿ ಅಳಿವೆ. ಅದರ ಒಳಗೆ ಬೈಲುಗದ್ದೆ ಮತ್ತು ತೆಂಗು. ಇನ್ನೂ ಪೂರ್ವಕ್ಕೆ ಮುರಕಲ್ಲಿನ ಎತ್ತರದ ನೆಲ.

(1) ಮೀನುಗಾರರು ಕೂಡುವ ಸ್ಥಳ, ದೋಣಿ ಎಳೆದಿಡುವ ಸ್ಥಳದ ಹಿಂಬದಿ: ಹೊನ್ನೆ. ಎರಡು ಮರಗಳ ನಡುವೆ 8 ಮೀಟರ್ ಅಂತರವಿರಲಿ. ದೋಣಿ ಸಾಗುವ ದಾರಿಯನ್ನು ಅಲ್ಲಿನ ಮೀನುಗಾರರನ್ನು ಕೇಳಿಯೇ ಗುರುತಿಸಬೇಕು.

(2) ಮರಳು ನೆಲದ ಶಾಲೆ ಮತ್ತು ಅಂಗನವಾಡಿ: ಆಟದ ಬಯಲಿನ ಅಂಚಿನಲ್ಲಿ ಹೊನ್ನೆ. ಗೋಡೆಯಿಂದ ಕನಿಷ್ಠ 6 ಮೀಟರ್ ದೂರವಿರಲಿ. ಮಕ್ಕಳು ಓಡುವ ಸಿಮೆಂಟು ಹಾದಿಯ ಮೇಲೆ ಕೊಂಬೆ ಬರುವಂತೆ ನೆಡಬಾರದು. ಕಾಯಿಯನ್ನು ಬಾಯಿಗೆ ಹಾಕಬಾರದೆಂದು ಮಕ್ಕಳಿಗೆ ತಿಳಿಸಬೇಕು. ಇಲ್ಲಿ ಗಾಳಿಮರ ಬೇಡ.

(3) ರುದ್ರಭೂಮಿಯ ಪಶ್ಚಿಮದ ಅಂಚು ಮತ್ತು ಕಡಲಗಾಳಿಗೆ ನೇರ ಒಡ್ಡಿಕೊಂಡ ತೋಟಗಳ ಬದಿ: ಎರಡು ಮೂರು ಸಾಲು ಗಾಳಿಮರ, ಅದರ ಒಳಬದಿಗೆ ಅದೇ ವರ್ಷ ಒಂದು ಸಾಲು ಹೊನ್ನೆ. ಗಾಳಿಮರ ಹೊನ್ನೆಯ ಎಳೆಯ ಸಸಿಗೆ ದಾದಿಯಂತೆ ಆಸರೆಯಾಗುತ್ತದೆ. ಹತ್ತನೆಯ ವರ್ಷದ ನಂತರ ಗಾಳಿಮರವನ್ನು ಸಾಲು ಸಾಲಾಗಿ ತೆಗೆದು ಸ್ಥಳವನ್ನು ಹೊನ್ನೆಗೆ ಬಿಟ್ಟುಕೊಡಬೇಕು.

(4) ವಿದ್ಯುತ್ ತಂತಿಯ ಕೆಳಗಿನ ರಸ್ತೆಬದಿ: ಎರಡೂ ಬೇಡ. ತಂತಿಗಾಗಿ ಪ್ರತಿವರ್ಷ ತಲೆ ಕಡಿಸಿಕೊಂಡ ಮರ ನೆರಳನ್ನೂ ಕೊಡದು, ಚೆಲುವನ್ನೂ ಉಳಿಸಿಕೊಳ್ಳದು.

(5) ಮುರಕಲ್ಲಿನ ಎತ್ತರದ ನೆಲ: ಇಲ್ಲಿಗೆ ಈ ಎರಡು ಮರಗಳ ಪೈಪೋಟಿಯೇ ಅಪ್ರಸ್ತುತ. ಹಲಸು, ಮಾವು, ನೇರಳೆ ಮುಂತಾದ, ಆ ನೆಲದ ಹಾಡಿಗಳಲ್ಲಿ ಈಗಾಗಲೇ ಬೆಳೆದಿರುವ ಮರಗಳನ್ನು ಆರಿಸಬೇಕು.

8. ಒಂದು ಲೆಕ್ಕ

200 ಮೀಟರ್ ಉದ್ದದ ಒಂದು ಅಂಚನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 8 ಮೀಟರ್ ಅಂತರದಲ್ಲಿ ಒಂದು ಸಾಲು ಹೊನ್ನೆಗೆ 26 ಸಸಿಗಳು ಸಾಕು. 2 ಮೀಟರ್ ಅಂತರದಲ್ಲಿ ಮೂರು ಸಾಲು ಗಾಳಿಮರಕ್ಕೆ 303 ಸಸಿಗಳು ಬೇಕು. ಜನವರಿಯಿಂದ ಮೇ ತಿಂಗಳವರೆಗೆ 20 ವಾರ, ವಾರಕ್ಕೆ ಎರಡು ಬಾರಿ, ಪ್ರತಿ ಸಸಿಗೆ 10 ಲೀಟರ್ ನೀರು ಎಂದು ಇಟ್ಟುಕೊಂಡರೆ, ಒಂದು ಬೇಸಿಗೆಗೆ ಹೊನ್ನೆಗೆ 10,400 ಲೀಟರ್, ಗಾಳಿಮರಕ್ಕೆ 1,21,200 ಲೀಟರ್ ಬೇಕಾಗುತ್ತದೆ. ಹೊನ್ನೆಗೆ ಮೂರು ಬೇಸಿಗೆ ನೀರುಣಿಸಿದರೂ ಒಟ್ಟು 31,200 ಲೀಟರ್. ಅಂದರೆ ಗಾಳಿಮರದ ಒಂದೇ ಬೇಸಿಗೆಯ ನೀರಿನ ಸುಮಾರು ನಾಲ್ಕನೆಯ ಒಂದು ಭಾಗ.

ಈ ಲೆಕ್ಕದಿಂದ ಗಾಳಿಮರ ದುಬಾರಿಯೆಂದು ತೀರ್ಮಾನಿಸಬಾರದು. ಮೂರು ಸಾಲಿನ ಗಾಳಿತಡೆ ಮತ್ತು ಒಂದು ಸಾಲಿನ ನೆರಳುಮರ ಎರಡರ ಉದ್ದೇಶಗಳೂ ಬೇರೆ. ಇಲ್ಲಿ ಗ್ರಹಿಸಬೇಕಾದದ್ದು ಇಷ್ಟು: ನೆರಳು ಬೇಕಾದಲ್ಲಿ ಸಸಿಗಳ ಸಂಖ್ಯೆ ಹೆಚ್ಚಿದಷ್ಟೂ ಕೆಲಸ ಚೆನ್ನಾಯಿತೆಂಬ ಭಾವನೆ ಸರಿಯಲ್ಲ. 26 ಸಸಿಗಳನ್ನು ಮೂರು ಬೇಸಿಗೆ ಕಾಯುವುದು ಒಂದು ವಾರ್ಡಿನ ಶಕ್ತಿಯೊಳಗಿನ ಕಾರ್ಯ.

9. ನೆಡುವಿಕೆ ಮತ್ತು ಮೂರು ಬೇಸಿಗೆ

ನಮ್ಮ ಜಿಲ್ಲೆಯಲ್ಲಿ ವಾರ್ಷಿಕ ಮಳೆ ಸುಮಾರು 4,000 ಮಿಲಿಮೀಟರ್. ಆದರೆ ಅದರ ಬಹುಪಾಲು ಜೂನ್–ಸೆಪ್ಟೆಂಬರ್ ತಿಂಗಳುಗಳಲ್ಲಿಯೇ ಸುರಿದು ಮುಗಿಯುತ್ತದೆ. ಮಳೆಗಾಲದಲ್ಲಿ ನಳನಳಿಸುವ ಸಸಿ ಮಾರ್ಚ್ ತಿಂಗಳ ಮರಳಿನ ಕಾವಿಗೆ ಒಣಗುತ್ತದೆ. ಆದುದರಿಂದ ಸಸಿ ನೆಟ್ಟ ದಿನಕ್ಕಿಂತ ಅದು ಕಳೆದ ಮೂರನೆಯ ಬೇಸಿಗೆಯೇ ಯಶಸ್ಸಿನ ಅಳತೆ.

ಹೊನ್ನೆಯ ಸಸಿಗೆ ಒಂದು ವರ್ಷ ಮುಂಚಿತವಾಗಿ ಬೇಡಿಕೆ ಸಲ್ಲಿಸಬೇಕು. ಶಾಲಾ ಮಕ್ಕಳು ಅಥವಾ ಸ್ವಸಹಾಯ ಸಂಘಗಳ ಸದಸ್ಯೆಯರ ನೆರವಿನಿಂದ ಊರಿನ ಹಳೆಯ ಮರಗಳ ಬೀಜಗಳನ್ನೇ ಆರಿಸಿ ಸಸಿ ಮಾಡಿಕೊಳ್ಳುವುದು ಇನ್ನೂ ಉತ್ತಮ. ಹೊಸದಾಗಿ ಉದುರಿದ ಬೀಜವನ್ನೇ ಬಳಸಬೇಕು. ಚಿಪ್ಪಿನ ಸಹಿತ ಬಿತ್ತಿದರೆ ಮೊಳೆಯಲು ಸುಮಾರು ಎಂಟು ವಾರ. ತಿರುಳಿಗೆ ಪೆಟ್ಟಾಗದಂತೆ ಚಿಪ್ಪು ಒಡೆದು ತೆಗೆದರೆ ಸುಮಾರು ಮೂರು ವಾರ ಸಾಕು.

ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲಿಯೇ ತೋಡಿ, ಮರಳು ನೆಲವಾದರೆ ಕೆಂಪು ಮಣ್ಣು ಮತ್ತು ಹಟ್ಟಿಗೊಬ್ಬರ ಬೆರೆಸಿ ತುಂಬಬೇಕು. ಮಳೆ ಹಿಡಿದ ಮೇಲೆ ನೆಟ್ಟು, ಆಸರೆ ಕೋಲು ಕಟ್ಟಿ, ಜಾನುವಾರು ತಗಲದಂತೆ ಬೇಲಿ ಹಾಕಬೇಕು. ಮಳೆ ನಿಂತೊಡನೆ ಬುಡಕ್ಕೆ ತರಗೆಲೆ ಅಥವಾ ತೆಂಗಿನ ಸಿಪ್ಪೆಯ ಹೊದಿಕೆ ಹಾಕಿದರೆ ನೀರಿನ ಅಗತ್ಯ ಕಡಿಮೆಯಾಗುತ್ತದೆ. ತಾಂತ್ರಿಕ ಸಲಹೆಗಾಗಿ ಸಾಮಾಜಿಕ ಅರಣ್ಯ ವಿಭಾಗವನ್ನೂ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು.

10. ಕಾನೂನಿನ ಅಂಶಗಳು

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಗಾಳಿಮರವು ಈ ಕಾಯ್ದೆಯಲ್ಲಿ ವಿನಾಯಿತಿ ಪಡೆದ ಮರಗಳ ಪಟ್ಟಿಯಲ್ಲಿದೆ; ಹೊನ್ನೆಗೆ ಅಂತಹ ವಿನಾಯಿತಿಯಿಲ್ಲ. ವಿನಾಯಿತಿಯೆಂದರೆ ಸರ್ಕಾರಿ ಜಮೀನಿನ ಮರವನ್ನು ಯಾರು ಬೇಕಾದರೂ ಕಡಿಯಬಹುದು ಎಂದು ಅರ್ಥವಲ್ಲ. ಅಲ್ಲಿ ಜಮೀನಿನ ಒಡೆತನ ಯಾವ ಇಲಾಖೆಯದು ಎಂಬುದು ಮೊದಲು ನಿರ್ಧಾರವಾಗಬೇಕು. ಕಡಲ ದಂಡೆಯ ಕಾಮಗಾರಿಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸುತ್ತವೆ. ಆದುದರಿಂದ ನೆಡುವ ಮೊದಲೇ ಸರ್ವೆ ನಂಬರು ಮತ್ತು ಒಡೆತನವನ್ನು ಪರಿಶೀಲಿಸಿ ಕಡತದಲ್ಲಿಡಬೇಕು.

ಜೀವವೈವಿಧ್ಯ ಕಾಯ್ದೆ, 2002ರ ಮೇರೆಗೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಗ್ರಾಮದ ಹಳೆಯ ಹೊನ್ನೆ ಮರಗಳನ್ನು ಸ್ಥಳ, ಬುಡದ ಸುತ್ತಳತೆ ಸಹಿತ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸಿದರೆ, ಮುಂದೆ ರಸ್ತೆ ಅಗಲೀಕರಣ ಅಥವಾ ಕಟ್ಟಡದ ಪ್ರಸ್ತಾವ ಬಂದಾಗ ಅವುಗಳ ಪರವಾಗಿ ಮಾತನಾಡಲು ಪಂಚಾಯತಿಗೆ ಒಂದು ಲಿಖಿತ ಆಧಾರವಿರುತ್ತದೆ. ಕಡಿದ ಹಳೆಯ ಹೊನ್ನೆಗೆ ಬದಲಾಗಿ ಹತ್ತು ಸಸಿ ನೆಟ್ಟರೂ, ಅದೇ ನೆರಳು ಮರಳಿ ಬರಲು ಒಂದು ತಲೆಮಾರು ಬೇಕು.

11. ಕರಡು ನಿರ್ಣಯ

ಸದಸ್ಯರ ಅನುಕೂಲಕ್ಕಾಗಿ ಒಂದು ಮಾದರಿಯನ್ನು ಇಲ್ಲಿ ಕೊಡಲಾಗಿದೆ. ಸ್ಥಳಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು.

"ಈ ಗ್ರಾಮ ಪಂಚಾಯತಿಯ ವ್ಯಾಪ್ತಿಯ ಮರಳು ನೆಲದ ಸಾರ್ವಜನಿಕ ಸ್ಥಳಗಳಲ್ಲಿ ನೆರಳಿನ ಉದ್ದೇಶಕ್ಕೆ ಹೊನ್ನೆಯನ್ನೂ, ಗಾಳಿತಡೆಯ ಉದ್ದೇಶಕ್ಕೆ ಮಾತ್ರ ಗಾಳಿಮರವನ್ನೂ ನೆಡತಕ್ಕದ್ದು. ಗಾಳಿಮರ ನೆಟ್ಟ ಪ್ರತಿ ಸ್ಥಳದಲ್ಲಿ ಅದರ ಒಳಬದಿಗೆ ಹೊನ್ನೆಯ ಒಂದು ಸಾಲನ್ನು ಕಡ್ಡಾಯವಾಗಿ ನೆಡತಕ್ಕದ್ದು. ಅಲೆಗೆ ಹತ್ತಿರದ ತೆರೆದ ಮರಳಿನಲ್ಲಿ ಯಾವುದೇ ಮರ ನೆಡತಕ್ಕದ್ದಲ್ಲ. ಮೂರು ಬೇಸಿಗೆಗಳ ನೀರುಣಿಸುವಿಕೆ ಮತ್ತು ಬೇಲಿಯ ವೆಚ್ಚವನ್ನು ನೆಡುವ ವರ್ಷದ ಕ್ರಿಯಾಯೋಜನೆಯಲ್ಲಿಯೇ ಗುರುತಿಸತಕ್ಕದ್ದು. ಪ್ರತಿವರ್ಷ ಜೂನ್ ತಿಂಗಳ ಸಭೆಯಲ್ಲಿ ನೆಟ್ಟ ಸಸಿಗಳ ಸಂಖ್ಯೆಯ ಬದಲು ಉಳಿದ ಸಸಿಗಳ ಸಂಖ್ಯೆಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ಸಭೆಗೆ ವರದಿ ಮಾಡತಕ್ಕದ್ದು."

ಕೊನೆಯ ವಾಕ್ಯ ಈ ನಿರ್ಣಯದ ಜೀವಾಳ. ಸದಸ್ಯರು ಬದಲಾಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ. ನಿರ್ಣಯ ಪುಸ್ತಕ ಉಳಿಯುತ್ತದೆ. ನಿಧಾನವಾಗಿ ಬೆಳೆಯುವ ಮರವನ್ನು ಒಂದು ಅವಧಿಯಿಂದ ಇನ್ನೊಂದು ಅವಧಿಗೆ ಕೈದಾಟಿಸುವ ಸಾಧನ ಅದೊಂದೇ.

12. ಚರ್ಚೆಗೆ ಪ್ರಶ್ನೆಗಳು

(ಅ) ನಿಮ್ಮ ವಾರ್ಡಿನಲ್ಲಿ ಹಳೆಯ ಹೊನ್ನೆ ಮರಗಳು ಎಲ್ಲೆಲ್ಲಿವೆ? ಅವು ಯಾವ ಜಮೀನಿನಲ್ಲಿವೆ?

(ಆ) ಮೂರು ವರ್ಷಗಳ ಹಿಂದೆ ಪಂಚಾಯತಿ ನೆಟ್ಟ ಸಸಿಗಳಲ್ಲಿ ಇಂದು ಎಷ್ಟು ಉಳಿದಿವೆ? ಉಳಿಯದಿದ್ದಲ್ಲಿ ಕಾರಣ ನೀರೋ, ಜಾನುವಾರೋ, ಸ್ಥಳದ ತಪ್ಪು ಆಯ್ಕೆಯೋ?

(ಇ) ನಿಮ್ಮ ಗ್ರಾಮದ ಗಾಳಿಮರದ ತೋಪಿಗೆ ಎಷ್ಟು ವರ್ಷವಾಗಿದೆ? ಅದು ಮುಗಿದ ಮೇಲೆ ಆ ಸ್ಥಳದಲ್ಲಿ ಏನಿರಬೇಕೆಂದು ಯಾರಾದರೂ ನಿರ್ಧರಿಸಿದ್ದಾರೆಯೇ?

(ಈ) ಬೇಸಿಗೆಯ ಮಧ್ಯಾಹ್ನ ನಿಮ್ಮ ಗ್ರಾಮದ ಜನರು ನೆರಳಿಲ್ಲದೆ ದುಡಿಯುವ ಅಥವಾ ಕಾಯುವ ಸ್ಥಳಗಳು ಯಾವುವು? ಮುಂದಿನ ಮಳೆಗಾಲಕ್ಕೆ ಅವುಗಳಲ್ಲಿ ಯಾವುದನ್ನು ಮೊದಲು ಆರಿಸುವಿರಿ?

ಈ ಪ್ರಶ್ನೆಗಳಿಗೆ ಉತ್ತರಗಳನ್ನು ವಾರ್ಡ್ ಸಭೆಯಲ್ಲಿ ಸಂಗ್ರಹಿಸಿ, ಗ್ರಾಮಸಭೆಯ ಮುಂದೆ ಮಂಡಿಸಿ, ಕ್ರಿಯಾಯೋಜನೆ ಸಿದ್ಧಪಡಿಸುವ ಮೊದಲೇ ನಿರ್ಣಯ ಕೈಗೊಳ್ಳುವಂತೆ ಕೋರಲಾಗಿದೆ.